ಗಣಕದೊಳಗಣ ಗ್ರಂಥವೂ ಆಕರನಿರ್ದೇಶವೂ

ಬೈಬಲಿನ ಅಧ್ಯಯನಕ್ಕೆಂದೇ ರಚಿತವಾದ ಲೋಗೋಸ್, ಬೈಬಲ್‌ವರ್ಕ್ಸ್ ಎಂಬ ತಂತ್ರಾಂಶಗಳು 1992ರಲ್ಲಿ ಅಮೆರಿಕದಲ್ಲಿ ಹೊರಬಂದ ಮೇಲೆ, ಹೀಬ್ರೂ ಮತ್ತು ಗ್ರೀಕ್ ಮೂಲಗಳನ್ನೂ ಅವುಗಳ ಭಾಷಾಂತರಗಳನ್ನೂ ನಿಘಂಟು ವ್ಯಾಕರಣ ವ್ಯಾಖ್ಯಾನಗಳನ್ನೂ ಒಂದೇ ತೆರೆಯ ಮೇಲೆ ಅಕ್ಕಪಕ್ಕದಲ್ಲಿರಿಸಿಕೊಂಡು ಓದುವ ಸೌಕರ್ಯವು ವಿದ್ಯಾರ್ಥಿಗೆ ಲಭಿಸಿದೆ. ದೊಡ್ಡ ಗ್ರಂಥಾಲಯದ ಆಶ್ರಯವಿಲ್ಲದೆ ಹಿಂದೆ ಸಾಗದಿದ್ದ ವ್ಯಾಸಂಗವು ಇಂದು ದೂರದ ಊರಿನ ಕೊಠಡಿಯೊಂದರಲ್ಲಿ ಸಾಗುತ್ತಿರುವುದು ಸಂತೋಷದ ಸಂಗತಿ. ಆದರೆ ಆ ವ್ಯಾಸಂಗದ ಫಲವನ್ನು ಸಂಪ್ರಬಂಧವಾಗಿ ಬರೆಯುವಾಗ, ತಾನು ಓದಿದ್ದು ಗ್ರಂಥವನ್ನೋ ತಂತ್ರಾಂಶವನ್ನೋ, ಅಡಿಟಿಪ್ಪಣಿಯಲ್ಲಿ ಯಾವುದನ್ನು ಹೆಸರಿಸಬೇಕು ಎಂಬ ಪ್ರಶ್ನೆ ಏಳುತ್ತದೆ. ಲೋಗೋಸಿನಿಂದ ಒಂದು ವಾಕ್ಯವನ್ನು ನಕಲಿಸಿ ಬರೆಹದ ಕಡತದಲ್ಲಿ ಅಂಟಿಸಿದೊಡನೆ ಅಡಿಟಿಪ್ಪಣಿಯೂ ತಾನಾಗಿಯೇ ಮೂಡುವುದರಿಂದ ಪ್ರಶ್ನೆ ಬಗೆಹರಿಯಿತೆಂದು ತಿಳಿಯುವವರುಂಟು. ಬಗೆಹರಿದಿಲ್ಲವೆಂಬುದು ನನ್ನ ಅಭಿಪ್ರಾಯ. ಏಕೆಂದರೆ ತಂತ್ರಾಂಶವು ಕೆಲವೊಮ್ಮೆ ಗ್ರಂಥವನ್ನು ನಮ್ಮ ಮುಂದೆ ತಂದಿಡುವ ವಾಹಕ ಮಾತ್ರವಾಗಿದ್ದು, ಕೆಲವೊಮ್ಮೆ ಗ್ರಂಥದ ವಿಷಯದಲ್ಲಿ ನಿರ್ಣಯ ಹೇಳುವ ಪಂಡಿತನ ಸ್ಥಾನದಲ್ಲಿ ಕುಳಿತಿರುತ್ತದೆ. ಈ ಎರಡು ಸಂದರ್ಭಗಳಿಗೆ ಒಂದೇ ಬಗೆಯ ಉಲ್ಲೇಖ ಸಲ್ಲದು.

ವಾಹಕದ ವಿಷಯ ಸರಳವಾದುದು. ಮುದ್ರಿತ ಪುಸ್ತಕದ ಪುಟಸಂಖ್ಯೆಗಳನ್ನು ತಂತ್ರಾಂಶವು ಉಳಿಸಿಕೊಂಡಿದ್ದರೆ ಅವನ್ನೇ ಕೊಡಬಹುದು. ಉಳಿಸಿಕೊಂಡಿಲ್ಲವಾದರೆ ಅಧ್ಯಾಯವನ್ನೋ ಪ್ರಕರಣದ ಶೀರ್ಷಿಕೆಯನ್ನೋ ಕೊಡತಕ್ಕದ್ದು. ಅಕ್ಷರದ ಗಾತ್ರವನ್ನು ಹಿಗ್ಗಿಸಿದೊಡನೆ ಬದಲಾಗುವ ತೆರೆಯ ಸಂಖ್ಯೆಯಿಂದ ಓದುಗನಿಗೆ ಏನೂ ಪ್ರಯೋಜನವಿಲ್ಲ. ರಾಬರ್ ಎತ್ಯೆನ್ ಎಂಬ ಮುದ್ರಕನು 1551ರಲ್ಲಿ ಹೊಸ ಒಡಂಬಡಿಕೆಯ ವಚನಗಳಿಗೆ ಅಂಕಿಗಳನ್ನಿತ್ತನು. ಅವನ ಮಗ ಹೆನ್ರಿ 1578ರಲ್ಲಿ ಮುದ್ರಿಸಿದ ಪ್ಲೇಟೋವಿನ ಪುಟಸಂಖ್ಯೆಗಳನ್ನು ವಿದ್ವಾಂಸರು ಇಂದಿಗೂ, ಯಾವ ದೇಶದ ಯಾವ ಆವೃತ್ತಿಯನ್ನು ಓದುತ್ತಿದ್ದರೂ, ಬಳಸುತ್ತಿದ್ದಾರೆ. ಆ ತಂದೆಮಕ್ಕಳ ಅಂಕಿಗಳು ಇಷ್ಟು ಕಾಲ ಬಾಳಿದುದಕ್ಕೆ ಕಾರಣವೆಂದರೆ, ಅವು ಪುಸ್ತಕದ ಕಾಗದವನ್ನು ಬಿಟ್ಟು ಪಠ್ಯವನ್ನೇ ಆಶ್ರಯಿಸಿದುದು.

ಆದರೆ ಪಠ್ಯದ ಅಂಕಿಗಳೂ ಎಲ್ಲೆಡೆಯಲ್ಲಿ ಒಂದೇ ಆಗಿರುವುದಿಲ್ಲ. ಕೀರ್ತನೆಗಳ 51ನೆಯ ಅಧ್ಯಾಯದಲ್ಲಿ ಹೀಬ್ರೂ ಮೂಲವು ಶೀರ್ಷಿಕೆಯನ್ನೂ ಎರಡು ವಚನಗಳಾಗಿ ಎಣಿಸುವುದರಿಂದ, ಇಂಗ್ಲಿಷ್ ಬೈಬಲಿನ 1ನೆಯ ವಚನವು ಅಲ್ಲಿ 3ನೆಯದಾಗುತ್ತದೆ. ಪ್ರಾಚೀನ ಗ್ರೀಕ್ ಭಾಷಾಂತರದಲ್ಲಿ ಆ ಕೀರ್ತನೆಯೇ 50ನೆಯದು. ತಂತ್ರಾಂಶವು ಇವೆಲ್ಲವನ್ನೂ ಸದ್ದಿಲ್ಲದೆ ಹೊಂದಿಸಿ ತೋರಿಸುವುದರಿಂದ ವ್ಯತ್ಯಾಸವುಂಟೆಂಬ ಅರಿವೇ ಓದುವವನಿಗೆ ಆಗದೆಹೋಗಬಹುದು. ನಮ್ಮ ಶಾಸನಾಭ್ಯಾಸಿಗಳಿಗೆ ಈ ತೊಡಕು ಹೊಸದಲ್ಲ. ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸರು 1889ರಲ್ಲಿ ಪ್ರಕಟಿಸಿದಾಗ ಅವು 144, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಅವು 500. 1973ರ ಆವೃತ್ತಿಯಲ್ಲಿ 573. ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯ ಕಂಬದ ಮೇಲಣ ಮಲ್ಲಿಷೇಣ ಪ್ರಶಸ್ತಿಯು ರೈಸರಲ್ಲಿ 54ನೆಯದಾದರೆ ನರಸಿಂಹಾಚಾರ್ಯರಲ್ಲಿ 67ನೆಯದು. ಸಂಪುಟವನ್ನು ಕೈಯಲ್ಲಿ ಹಿಡಿದವನಿಗೆ ಅದರ ಮುಖಪುಟವೇ ಆವೃತ್ತಿಯನ್ನು ನೆನಪಿಸುತ್ತಿತ್ತು; ಹುಡುಕುಪದವನ್ನು ಬೆರಳಚ್ಚಿಸಿ ನೇರವಾಗಿ ಶಾಸನದ ನಡುವಿಗೇ ಇಳಿದವನು ಮುಖಪುಟವನ್ನು ಕಾಣದೆಯೇ ಮರಳುತ್ತಾನೆ. ಆದುದರಿಂದ ಸಂಪಾದಕನ ಹೆಸರನ್ನೂ ಆವೃತ್ತಿಯ ವರ್ಷವನ್ನೂ ಟಿಪ್ಪಣಿಯಲ್ಲಿ ನಮೂದಿಸುವ ಹೊಣೆ ಇಂದು ಹಿಂದೆಂದಿಗಿಂತ ಹೆಚ್ಚಿನದು.

ವಾಹಕವನ್ನು ಹೆಸರಿಸುವುದು ಅವಶ್ಯವೆ? ಪುಟದ ಛಾಯಾಚಿತ್ರವನ್ನೇ ನೋಡಿದ್ದರೆ ಬೇಡವೆನ್ನಬಹುದು. ಬೆರಳಚ್ಚಿಸಿ ಸಿದ್ಧಪಡಿಸಿದ ಪಠ್ಯದ ವಿಷಯ ಬೇರೆ: ಅದರಲ್ಲಿ ಅಚ್ಚಿನ ಪುಸ್ತಕದಲ್ಲಿಲ್ಲದ ತಪ್ಪುಗಳು ನುಸುಳಿರಬಹುದು, ಪ್ರಕಾಶಕರು ಅವನ್ನು ಮುಂದೊಂದು ದಿನ ತಿದ್ದಿಯೂ ಬಿಡಬಹುದು. ಹಾಗಿರಲು, ಮುದ್ರಿತ ಪ್ರತಿಯನ್ನು ಕಂಡಿಲ್ಲದೆಯೂ ಅದನ್ನೇ ಓದಿದಂತೆ ಟಿಪ್ಪಣಿ ಬರೆಯುವುದು ಓದುಗನೊಡನೆ ಆಡುವ ಸುಳ್ಳು. ಅದು ಸಣ್ಣದೆಂದು ಅದನ್ನು ಕ್ಷಮಿಸಲು ನನ್ನ ಮನಸ್ಸು ಒಪ್ಪದು. ಅದೇ ವೇಳೆ ತಂತ್ರಾಂಶವನ್ನು ಮಾತ್ರ ಹೆಸರಿಸಿ ಗ್ರಂಥವನ್ನು ಕೈಬಿಡುವುದೂ ಸಲ್ಲದು. ಬೈಬಲ್‌ವರ್ಕ್ಸ್ ಸಂಸ್ಥೆಯು 2018ರಲ್ಲಿ ತನ್ನ ವ್ಯವಹಾರವನ್ನು ಮುಚ್ಚಿತು. ಅದನ್ನೊಂದನ್ನೇ ಆಕರವೆಂದು ತೋರಿಸಿದ ಪ್ರಬಂಧವನ್ನು ಇಂದು ಪರೀಕ್ಷಿಸಹೊರಟವನು ಎಲ್ಲಿಗೆ ಹೋಗಬೇಕು?

ತಂತ್ರಾಂಶವೇ ನಿರ್ಣಯ ಹೇಳುವ ಸಂದರ್ಭವು ಇದಕ್ಕಿಂತ ಗಹನವಾದುದು. ಮಾರ್ಗದರ್ಶಕರ ಗಮನ ಅತ್ತ ಹೋಗುವುದು ಅಪೂರ್ವ. ಹೀಬ್ರೂ ಭಾಷೆಯ ಅಪೂರ್ಣಕ್ರಿಯೆಯಲ್ಲಿ ‘ಅವಳು ಮಾಡುವಳು’ ಎಂಬುದಕ್ಕೂ ಪುರುಷನನ್ನು ಕುರಿತ ‘ನೀನು ಮಾಡುವೆ’ ಎಂಬುದಕ್ಕೂ ರೂಪ ಒಂದೇ. ಇಂಥ ಪದವೊಂದು ಎದುರಾದಾಗ ಅದು ಯಾವುದೆಂದು ಸಂದರ್ಭವನ್ನು ತೂಗಿ ಯಾರೋ ಒಬ್ಬ ವಿದ್ವಾಂಸನು ನಿರ್ಧರಿಸಿ ಗುರುತು ಹಾಕಿದ್ದಾನೆ. ಫಿಲಡೆಲ್ಫಿಯದ ವೆಸ್ಟ್‌ಮಿನ್‌ಸ್ಟರ್ ಧರ್ಮಶಾಸ್ತ್ರ ವಿದ್ಯಾಲಯದಲ್ಲಿ ರೂಪುಗೊಂಡ ಹೀಬ್ರೂ ಪದವಿಶ್ಲೇಷಣೆಯು ಇಂಥ ಅಸಂಖ್ಯ ನಿರ್ಧಾರಗಳಿಂದಾದುದು. ವಿದ್ಯಾರ್ಥಿಯು ಗುಂಡಿಯನ್ನೊತ್ತಿ, ಮಧ್ಯಮಪುರುಷದ ಕ್ರಿಯಾಪದವು ಈ ಪುಸ್ತಕದಲ್ಲಿ ಇಷ್ಟು ಸಲ ಬಂದಿದೆಯೆಂದು ಬರೆದು, ಮೂಲದ ಹೀಬ್ರೂ ಆವೃತ್ತಿಯನ್ನು ಮಾತ್ರ ಆಕರವಾಗಿ ತೋರಿಸುತ್ತಾನೆ. ಆ ಎಣಿಕೆಯು ಮೂಲದಲ್ಲಿಲ್ಲ. ಮೂಲಕ್ಕೆ ಗುರುತು ಹಾಕಿದವರ ವಿವೇಚನೆಯಲ್ಲಿದೆ. ಇನ್ನೊಂದು ವಿಶ್ಲೇಷಣೆಯನ್ನು ಬಳಸಿದವನಿಗೆ ಇನ್ನೊಂದು ಸಂಖ್ಯೆ ದೊರೆತರೆ ಆಶ್ಚರ್ಯಪಡಬೇಕಾದುದಿಲ್ಲ. ವ್ಯಾಖ್ಯಾನಕಾರನ ಅಭಿಪ್ರಾಯವನ್ನು ಹೆಸರಿಲ್ಲದೆ ಬಳಸಿದರೆ ಕೃತಿಚೌರ್ಯವೆನ್ನುವ ನಾವು, ವರ್ಷಗಟ್ಟಲೆ ಪದಪದವನ್ನೂ ಪರಿಶೀಲಿಸಿದ ಈ ವಿದ್ವಾಂಸರ ಹೆಸರನ್ನು ಅಡಗಿಸುವುದನ್ನು ಮಾತ್ರ ಏಕೆ ಸಹಿಸಬೇಕು?

ಹೀಗೆಲ್ಲ ಬರೆಯಹೊರಟರೆ ಟಿಪ್ಪಣಿಗಳು ಪುಟವನ್ನೇ ನುಂಗುವುವೆಂಬ ಆಕ್ಷೇಪಣೆ ಬರುವುದು ಸಹಜ. ಆದರೆ ಬಳಸಿದ ತಂತ್ರಾಂಶದ ಹೆಸರು ಮತ್ತು ಆವೃತ್ತಿ, ಪಠ್ಯದ ಸಂಪಾದಕ, ಪದವಿಶ್ಲೇಷಣೆಯ ಕರ್ತೃಗಳು, ಹುಡುಕಾಟದಲ್ಲಿ ಕೊಟ್ಟ ಪದ ಮತ್ತು ನಿಬಂಧನೆಗಳು, ಅನುಸರಿಸಿದ ವಚನಸಂಖ್ಯೆಯ ಕ್ರಮ ಇವನ್ನು ಪೀಠಿಕೆಯಲ್ಲಿ ಒಮ್ಮೆ ವಿವರಿಸಿದರೆ, ಮುಂದಿನ ಟಿಪ್ಪಣಿಗಳಲ್ಲಿ ಗ್ರಂಥದ ಹೆಸರಿನೊಡನೆ ಅಧ್ಯಾಯ ವಚನಗಳ ಅಂಕಿಯನ್ನಷ್ಟೇ ಕೊಟ್ಟರೂ ಸಾಕು.