ಬಾಳಿಕೆ ಬರುವ ಬಟ್ಟೆ ಯಾವ ಬ್ರ್ಯಾಂಡಿನಲ್ಲಿದೆ?

ಮಳೆಗಾಲ ಮುಗಿಯುತ್ತಿದ್ದ ಹೊತ್ತು. ಬೆಳಂಬಾರದ ನಮ್ಮ ಪಕ್ಕದ ಮನೆ ಹುಡುಗ ಜಗಲಿ ಮೇಲೆ ಬಂದು ಕೂತ. ಕಾರವಾರದ ಕಡೆ ಗುತ್ತಿಗೆ ಕೆಲಸಕ್ಕೆ ಸೇರಿ ಅವನಿಗೆ ವರ್ಷವಾಗಿತ್ತು. ದಿನಾ ಅಂಕೋಲೆಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಹೋಗಿ ಬರುವವನು.

"ಅಣ್ಣಾ, ನೀವು ಅದೂ ಇದೂ ಬರೀತ್ರಿ. ಬಾಳಿಕೆ ಬರೂ ಶರ್ಟು ಯಾವ ಕಂಪನಿದು ಅದೆ ಹೇಳಿ ನೋಡ್ವಾ. ರೇಟು ಮಾತ್ರ ಜಾಸ್ತಿ ಇರೂಕಾಗ."

ನನಗೆ ಉತ್ತರ ಹೊಳೆಯಲಿಲ್ಲ. ಅವನು ಒಂದು ವರ್ಷದಲ್ಲಿ ಮೊಬೈಲಿನಲ್ಲಿ ಆರ್ಡರ್ ಮಾಡಿ ನಾಲ್ಕು ಶರ್ಟು ತರಿಸಿದ್ದ. ಒಂದೊಂದಕ್ಕೂ ಸುಮಾರು 350 ರೂಪಾಯಿ. ಒಂದರ ಕಾಲರ್ ಮೂರೇ ತಿಂಗಳಿಗೆ ಸವೆಯಿತು. ಇನ್ನೊಂದು ಎರಡು ಸಲ ತೊಳೆಯುವುದರೊಳಗೆ ಗಿಡ್ಡವಾಯಿತು. ಮೂರನೆಯದರ ಕಂಕುಳಲ್ಲಿ ಹೊಲಿಗೆ ಬಿಟ್ಟಿತು. ನಾಲ್ಕನೆಯದನ್ನು ಈಗ ಗದ್ದೆ ಕೆಲಸಕ್ಕೆ ಹಾಕುತ್ತಾನೆ. ಒಟ್ಟು 1,400 ರೂಪಾಯಿ ಹೋಯಿತು, ಕೆಲಸಕ್ಕೆ ಹಾಕಿಕೊಂಡು ಹೋಗಲು ಒಂದೂ ಉಳಿಯಲಿಲ್ಲ. ನಾನು ಆಗ ತೊಟ್ಟಿದ್ದ ಶರ್ಟಿಗೆ ಬಟ್ಟೆ, ಹೊಲಿಗೆ ಎರಡೂ ಸೇರಿ 900 ರೂಪಾಯಿ ಆಗಿತ್ತು. ಅದು ಐದನೇ ವರ್ಷಕ್ಕೆ ಬಿದ್ದಿದೆ. ವರ್ಷಕ್ಕೆ 180 ರೂಪಾಯಿ ಲೆಕ್ಕ.

ಅವನೇನೂ ದುಂದು ಮಾಡುವ ಹುಡುಗ ಅಲ್ಲ. ಸಂಬಳ ಬಂದ ದಿನ ಕೈಯಲ್ಲಿ ಒಟ್ಟಿಗೆ 900 ರೂಪಾಯಿ ಮಿಗುವುದಿಲ್ಲ, 350 ಮಿಗುತ್ತದೆ. ಕಡಿಮೆ ದುಡ್ಡಿದ್ದವನು ಬಟ್ಟೆಗೆ ಹೆಚ್ಚು ದುಡ್ಡು ಹಾಕುವುದು ಹೀಗೆ. 'ಕಾಸಿಗೆ ತಕ್ಕ ಕಜ್ಜಾಯ' ಎಂದು ಹೇಳಿ ನಾವು ಕೈ ತೊಳೆದುಕೊಳ್ಳುತ್ತೇವೆ. ಆದರೆ ಗಾದೆ ನಿಜವಾಗಬೇಕಾದರೆ ಕಜ್ಜಾಯ ಎಂಥದ್ದು ಎಂದು ಕೊಳ್ಳುವವನಿಗೆ ಮೊದಲೇ ಗೊತ್ತಾಗಬೇಕು. ಬಟ್ಟೆ ಪೇಟೆಯಲ್ಲಿ ಅದೇ ಗೊತ್ತಾಗುವುದಿಲ್ಲ.

ಚೀಟಿ ಹೇಳುವುದು, ಹೇಳದೇ ಇರುವುದು

ಯಾವುದೇ ರೆಡಿಮೇಡ್ ಶರ್ಟಿನ ಚೀಟಿ ತಿರುಗಿಸಿ ನೋಡಿ. ಬೆಲೆ ಇರುತ್ತದೆ, ಸೈಜು ಇರುತ್ತದೆ. ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ಹೇಗೆ ತೊಳೆಯಬೇಕೆಂಬ ಚಿತ್ರಗಳಿರುತ್ತವೆ. ಬಟ್ಟೆಯ ತೂಕ ಎಷ್ಟು, ನೂಲು ಎಷ್ಟು ಗಟ್ಟಿ, ಒಂದು ಇಂಚಿಗೆ ಎಷ್ಟು ಹೊಲಿಗೆ, ತೊಳೆದರೆ ಎಷ್ಟು ಕುಗ್ಗುತ್ತದೆ, ಬಣ್ಣ ಎಷ್ಟು ನಿಲ್ಲುತ್ತದೆ ಎಂಬುದು ಮಾತ್ರ ಇರುವುದಿಲ್ಲ. ಬಾಳಿಕೆ ನಿಂತಿರುವುದೇ ಇವುಗಳ ಮೇಲೆ.

ಈ ಲೆಕ್ಕಗಳು ಯಾರ ಬಳಿಯೂ ಇಲ್ಲ ಎಂದುಕೊಳ್ಳಬೇಡಿ. ಬೆಂಗಳೂರು ದೇಶದ ದೊಡ್ಡ ಗಾರ್ಮೆಂಟ್ಸ್ ಕೇಂದ್ರಗಳಲ್ಲೊಂದು. ನಮ್ಮ ಹಳ್ಳಿಗಳಿಂದ ಹೋದ ಹೆಣ್ಣುಮಕ್ಕಳು ಅಲ್ಲಿ ಲೈನಿನಲ್ಲಿ ಕೂತು ಹೊರದೇಶದ ಕಂಪನಿಗಳಿಗೆ ಬಟ್ಟೆ ಹೊಲಿಯುತ್ತಾರೆ. ಆ ಆರ್ಡರುಗಳ ಜೊತೆಯಲ್ಲೇ ಇಂಚಿಗೆ ಎಷ್ಟು ಹೊಲಿಗೆ ಬೀಳಬೇಕು, ತೊಳೆದಾಗ ಎಷ್ಟು ಕುಗ್ಗಬಹುದು, ಬಣ್ಣ ಬಿಡುತ್ತದೋ ಇಲ್ಲವೋ, ಹೊಲಿಗೆ ಎಷ್ಟು ಎಳೆತ ತಡೆಯಬೇಕು ಎಂಬ ಷರತ್ತುಗಳು ಬರುತ್ತವೆ. ಲ್ಯಾಬಿನಲ್ಲಿ ಪರೀಕ್ಷೆ ಆಗುತ್ತದೆ, ರಿಪೋರ್ಟು ಫೈಲಿಗೆ ಸೇರುತ್ತದೆ. ಆದರೆ ಅದು ನಮ್ಮ ಕೈಗೆ ಬರುವ ಚೀಟಿಯವರೆಗೆ ಬರುವುದಿಲ್ಲ.

ಬ್ರ್ಯಾಂಡ್ ಹೆಸರು ನೋಡಿ ಕೊಂಡರಾಯಿತಲ್ಲ ಎನ್ನುವವರಿದ್ದಾರೆ. ಒಂದು ಕಾಲಕ್ಕೆ ಅದು ಸರಿಯಿತ್ತು. ಬಿನ್ನಿ ಮಿಲ್, ದಾವಣಗೆರೆಯ ಮಿಲ್ಲುಗಳು ಇದ್ದಾಗ ಹೆಸರಿನ ಹಿಂದೆ ಒಂದು ಊರು, ಒಂದು ಕಾರ್ಖಾನೆ ಇರುತ್ತಿತ್ತು. ಈಗ ಬಹಳಷ್ಟು ಬ್ರ್ಯಾಂಡುಗಳಿಗೆ ಸ್ವಂತ ಮಗ್ಗವೂ ಇಲ್ಲ, ಹೊಲಿಗೆ ಯಂತ್ರವೂ ಇಲ್ಲ. ಒಂದೇ ಕಾರ್ಖಾನೆ ಹಲವು ಹೆಸರುಗಳಿಗೆ ಹೊಲಿದು ಕೊಡುತ್ತದೆ. ಒಂದೇ ಹೆಸರಿನಲ್ಲಿ ದುಬಾರಿ ಸಾಲು ಬೇರೆ, ಆಫರ್‌ಗೆಂದೇ ಮಾಡಿಸಿದ ಅಗ್ಗದ ಸಾಲು ಬೇರೆ. ಹೋದ ಸಲದ ಶರ್ಟು ಚೆನ್ನಾಗಿತ್ತು ಎಂಬುದು ಈ ಸಲದ ಶರ್ಟಿಗೆ ಗ್ಯಾರಂಟಿ ಅಲ್ಲ. ದುಬಾರಿ ಬೆಲೆಯೂ ಗ್ಯಾರಂಟಿ ಅಲ್ಲ. ಅದರಲ್ಲಿ ಜಾಹೀರಾತಿನ ಖರ್ಚು, ಮಾಲ್‌ನ ಬಾಡಿಗೆ ಎಲ್ಲಾ ಸೇರಿರುತ್ತದೆ.

ತೆರಿಗೆಯ ಅಳತೆಗೋಲು

ಸರ್ಕಾರವೂ ಬಟ್ಟೆಯನ್ನು ಬೆಲೆಯಿಂದಲೇ ಅಳೆಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಹೊಸ ಜಿಎಸ್‌ಟಿ ದರಗಳನ್ನೇ ನೋಡಿ. ಮೊದಲು 1,000 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ 5, ಅದಕ್ಕಿಂತ ಮೇಲಿನದಕ್ಕೆ ಶೇ 12 ತೆರಿಗೆ ಇತ್ತು. ಈಗ 2,500 ರೂಪಾಯಿವರೆಗೆ ಶೇ 5, ಅದನ್ನು ದಾಟಿದರೆ ಶೇ 18.

ಇದರಲ್ಲಿ ಒಳ್ಳೆಯದೂ ಇದೆ, ಅದನ್ನು ಒಪ್ಪಬೇಕು. 1,500 ರೂಪಾಯಿಯ ಗಟ್ಟಿ ಶರ್ಟಿಗೆ ಮೊದಲು 180 ರೂಪಾಯಿ ತೆರಿಗೆ ಬೀಳುತ್ತಿತ್ತು, ಈಗ 75. ಸ್ವಲ್ಪ ಹೆಚ್ಚು ಕೊಟ್ಟು ಬಾಳಿಕೆಯದ್ದು ಕೊಳ್ಳೋಣ ಎನ್ನುವ ಮಧ್ಯಮ ವರ್ಗಕ್ಕೆ ಇದು ಲಾಭವೇ. ಆದರೆ ನಮ್ಮ ಹುಡುಗನ 350 ರೂಪಾಯಿ ಶರ್ಟಿಗೆ ಆಗಲೂ ಶೇ 5, ಈಗಲೂ ಶೇ 5. ಅವನಿಗೆ ದಕ್ಕಿದ್ದು ಏನೂ ಇಲ್ಲ. ಇತ್ತ ಕೈಮಗ್ಗದ ಬಟ್ಟೆಯಲ್ಲಿ ಹೊಲಿದು ಧಾರವಾಡದ ಕಸೂತಿ ಹಾಕಿದ ಕುರ್ತಾ 2,600 ರೂಪಾಯಿ ಆದರೆ ಅದಕ್ಕೆ 468 ರೂಪಾಯಿ ತೆರಿಗೆ. 2,400 ರೂಪಾಯಿಯ ಉಡುಪಿಗೆ 120. ಕೈಕೆಲಸಕ್ಕೆ ಬೆಲೆ ಏರುವುದೇ ದುಡಿದ ದಿನಗಳ ಲೆಕ್ಕದಲ್ಲಿ. ಅದೇ ಕಾರಣಕ್ಕೆ ಅದು 'ಶೋಕಿ ಬಟ್ಟೆ'ಯ ಸಾಲಿಗೆ ಬೀಳುತ್ತದೆ. ಸೀರೆ ಮಾತ್ರ ಉಡುಪಲ್ಲ, ಬಟ್ಟೆ ಎಂಬ ಲೆಕ್ಕದಲ್ಲಿ ಶೇ 5ರಲ್ಲೇ ಉಳಿದುಕೊಂಡಿದೆ.

ಅದೇ ದಿನ ಕೃತಕ ನಾರಿನ ಮೇಲಿನ ತೆರಿಗೆ ಶೇ 18ರಿಂದ 5ಕ್ಕೆ, ಅದರ ನೂಲಿನ ಮೇಲಿನದು ಶೇ 12ರಿಂದ 5ಕ್ಕೆ ಇಳಿಯಿತು. ಗಿರಣಿಗಳ ಮಟ್ಟಿಗೆ ಇದು ಹಳೆಯ ಬೇಡಿಕೆ, ನ್ಯಾಯವೂ ಇರಬಹುದು. ಆದರೆ ಹತ್ತಿ ನೂಲು ಮೊದಲೇ ಶೇ 5ರಲ್ಲಿತ್ತು. ಪಾಲಿಯೆಸ್ಟರ್ ಎದುರು ಹತ್ತಿಗಿದ್ದ ಆ ಸಣ್ಣ ಆಸರೆ ಹೋಯಿತು.

ಹೊಸ ದರದಲ್ಲೂ ಅಳತೆಗೋಲು ಬೆಲೆ ಒಂದೇ. ಎಷ್ಟು ದಿನ ಬರುತ್ತದೆ ಎಂದು ಕೇಳುವ ಕಾಲಮ್ಮು ಅಲ್ಲೂ ಇಲ್ಲ.

ಕರಾವಳಿಯ ಪರೀಕ್ಷೆ

ಇಷ್ಟು ಹೇಳಿ 'ಪಾಲಿಯೆಸ್ಟರ್ ಬಿಡಿ, ಖಾದಿ ಉಡಿ' ಎಂದು ಮುಗಿಸಿದರೆ ನಮ್ಮೂರಿನ ಹೆಂಗಸರು ನಗುತ್ತಾರೆ. ಬೆಳಂಬಾರದಲ್ಲಿ ಬಟ್ಟೆಗೆ ಇರುವ ಪರೀಕ್ಷೆ ಯಾವ ಲ್ಯಾಬಿಗೂ ಕಡಿಮೆ ಅಲ್ಲ. ಉಪ್ಪುಗಾಳಿ, ಬೆವರು, ಗದ್ದೆಯ ಕೆಸರು. ಜೂನ್ ಹಿಡಿದರೆ ಸೆಪ್ಟೆಂಬರಿನವರೆಗೆ ಬಿಸಿಲಿನ ನಂಬಿಕೆ ಇಲ್ಲ. ದಪ್ಪ ಹತ್ತಿ ಸೀರೆ ಒಲೆಯ ಮೇಲೆ ಮೂರು ದಿನ ನೇತು ಹಾಕಿದರೂ ಹಸಿಯಾಗೇ ಇರುತ್ತದೆ, ಆಮೇಲೆ ಬೂಸಲು, ಕರಿ ಚುಕ್ಕೆ. ಪಾಲಿಯೆಸ್ಟರ್ ಸೀರೆ ರಾತ್ರಿ ಹರವಿದರೆ ಬೆಳಿಗ್ಗೆ ಉಡಬಹುದು, ಇಸ್ತ್ರಿಯೂ ಬೇಡ. ನಮ್ಮ ಚಿಕ್ಕಮ್ಮ ಹೇಳುವುದು ಇಷ್ಟೇ: "ಒಣಗದೇ ಇದ್ದ ಬಟ್ಟೆ ಎಷ್ಟು ವರ್ಷ ಬಂದ್ರೆ ಎಂತ ಆಯ್ತು?"

ಹಾಗಾಗಿ ಬಾಳಿಕೆ ಎಂಬುದು ಊರಿಗೆ, ಕೆಲಸಕ್ಕೆ ತಕ್ಕಂತೆ ಬೇರೆ. ಇದನ್ನು ಹಾಲಕ್ಕಿ ಹೆಂಗಸರಿಗಿಂತ ಚೆನ್ನಾಗಿ ತಿಳಿದವರು ಕಡಿಮೆ. 2021ರ ನವೆಂಬರಿನಲ್ಲಿ ಹೊನ್ನಳ್ಳಿಯ ತುಳಸಿ ಗೌಡ ಬರಿಗಾಲಲ್ಲಿ, ತಮ್ಮ ಎಂದಿನ ಉಡುಗೆಯಲ್ಲಿ ಪದ್ಮಶ್ರೀ ತೆಗೆದುಕೊಂಡಾಗ ದೇಶವೆಲ್ಲ ಬೆರಗಾಗಿ ನೋಡಿತು. ನಮಗೆ ಅದರಲ್ಲಿ ಬೆರಗಿರಲಿಲ್ಲ. ಅದು ಬಗ್ಗಿ ಸಸಿ ನೆಡಲು, ಹೊರೆ ಹೊರಲು ಅನುಕೂಲವಾದ ಉಡುಗೆ, ಕೆಲಸ ನೋಡಿ ಆರಿಸಿಕೊಂಡದ್ದು. ಪೇಟೆಯ ಬ್ರ್ಯಾಂಡುಗಳು ನಮ್ಮ ಕೆಲಸವನ್ನು ಕೇಳುವುದಿಲ್ಲ, ಈ ವರ್ಷದ ಫ್ಯಾಷನ್ ಏನೆಂದು ಅವೇ ಹೇಳುತ್ತವೆ.

ಹೆಸರಿಗೆ ಅರ್ಥ ಇರುವ ಕಡೆ

ಹಾಗಾದರೆ ನಂಬಬಹುದಾದ ಹೆಸರೇ ಇಲ್ಲವೇ? ಇವೆ, ಅದೂ ನಮ್ಮ ರಾಜ್ಯದಲ್ಲೇ. ಮೈಸೂರು ರೇಷ್ಮೆ ಸೀರೆಗೆ 1912ರಿಂದ ಒಂದು ಕಾರ್ಖಾನೆಯ ಇತಿಹಾಸವಿದೆ. ಕೆಎಸ್‌ಐಸಿ ಸೀರೆಯಲ್ಲಿ ಅದರದೇ ಸಂಖ್ಯೆ ಇರುತ್ತದೆ. ಅದು ಮದುವೆ ಸೀರೆ, ದಿನಬಳಕೆಗಲ್ಲ, ನಿಜ. ದಿನಬಳಕೆಗೆ ಗಜೇಂದ್ರಗಡದ ಕಡೆಯ ಪಟ್ಟೇದ ಅಂಚು ಸೀರೆ ಇತ್ತು. ಚೌಕುಳಿಯ ಒರಟು ಹತ್ತಿ, ಎರಡೂ ಬದಿ ಉಡಬಹುದು. ಬಯಲುಸೀಮೆಯ ರೈತ ಹೆಂಗಸರು ಹೊಲಕ್ಕೆ ಉಡುತ್ತಿದ್ದದ್ದು ಅದನ್ನೇ. ಕೈಮಗ್ಗ ಅಭಿವೃದ್ಧಿ ನಿಗಮದ 'ಪ್ರಿಯದರ್ಶಿನಿ' ಮಳಿಗೆಗಳ ಟವೆಲ್ಲು, ಚಾದರಗಳನ್ನು ಹಳೆಯ ಮನೆಗಳಲ್ಲಿ ಈಗಲೂ ನೋಡಬಹುದು. ಘಟ್ಟದ ಮೇಲೆ, ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 'ಚರಕ' ಸಂಸ್ಥೆಯ ಹೆಣ್ಣುಮಕ್ಕಳು ನೈಸರ್ಗಿಕ ಬಣ್ಣ ಹಾಕಿ ನೇಯ್ದ ಬಟ್ಟೆ 'ದೇಸಿ' ಅಂಗಡಿಗಳಿಗೆ ಬರುತ್ತದೆ.

ಆದರೆ ಈ ಹೆಸರುಗಳ ಸ್ಥಿತಿ ಏನು? ನಿಗಮ ನಷ್ಟದ ಸುದ್ದಿಯಿಂದ ಹೊರಬಂದೇ ಇಲ್ಲ. ಚರಕ 2020ರಲ್ಲಿ ತನ್ನ ಆರ್ಥಿಕ ಸಂಕಷ್ಟವನ್ನು ಊರೆದುರು ಹೇಳಿಕೊಳ್ಳಬೇಕಾಯಿತು. ಕೈಉತ್ಪನ್ನಗಳಿಗೆ ತೆರಿಗೆಯೇ ಬೇಡ ಎಂದು ರಂಗಕರ್ಮಿ ಪ್ರಸನ್ನ 2017ರಲ್ಲಿ ಬೆಂಗಳೂರಿನಲ್ಲಿ ಉಪವಾಸ ಕೂತಿದ್ದರು. ಪ್ರಮಾಣಿತ ಖಾದಿ ಭಂಡಾರಗಳಲ್ಲಿ ಮಾರುವ ಖಾದಿ ಬಟ್ಟೆಗೆ ವಿನಾಯಿತಿ ಸಿಕ್ಕಿತು. ಉಳಿದ ಕೈಮಗ್ಗದ ಕೂಗು ಹಾಗೇ ಉಳಿಯಿತು.

ಇನ್ನೊಂದು ಉದಾಹರಣೆ ಹುಬ್ಬಳ್ಳಿಯ ಬೆಂಗೇರಿ. 1957ರಲ್ಲಿ ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿ ರಾಷ್ಟ್ರಧ್ವಜ ತಯಾರಿಸುತ್ತದೆ. ಧ್ವಜದ ಬಟ್ಟೆಗೆ ಬಿಐಎಸ್ ಮಾನದಂಡ ಇದೆ. ನೂಲು, ಎಳೆಗಳ ಲೆಕ್ಕ, ಗಟ್ಟಿತನ, ಬಣ್ಣ, ಅಳತೆ ಎಲ್ಲವೂ ಅದರಲ್ಲಿ ಬರೆದಿದೆ. ತಪ್ಪಿದರೆ ಮಾಲು ತಿರಸ್ಕಾರ. ಬಟ್ಟೆಯ ಬಾಳಿಕೆಯನ್ನು ಬರೆದಿಡಲು ಬರುವುದಿಲ್ಲ ಎನ್ನುವವರಿಗೆ ಇದೇ ಉತ್ತರ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಯಂತ್ರದಲ್ಲಿ ಮಾಡಿದ, ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ಕೊಟ್ಟರು. ಮರುವರ್ಷ ಮನೆಮನೆಗೆ ಅಗ್ಗದ ಧ್ವಜ ಬಂತು. ಬೆಂಗೇರಿಯವರು ಪ್ರತಿಭಟನೆಗೆ ಕೂರಬೇಕಾಯಿತು. ಗುಣಮಟ್ಟವನ್ನು ಬರೆದಿಟ್ಟಿದ್ದ ಒಂದು ಬಟ್ಟೆಯ ವಿಷಯದಲ್ಲೂ ಕೊನೆಗೆ ಗೆದ್ದದ್ದು ಅಗ್ಗವೇ.

ಕೇಳಬೇಕಾದದ್ದು ಏನು?

ನನ್ನ ಬೇಡಿಕೆ ದೊಡ್ಡದಲ್ಲ. ಮೊದಲನೆಯದು ಚೀಟಿ. ಬಟ್ಟೆಯ ತೂಕ, ಕುಗ್ಗುವ ಪ್ರಮಾಣ, ಬಣ್ಣ ನಿಲ್ಲುವ ದರ್ಜೆ ಈ ಮೂರನ್ನು ಚೀಟಿಯ ಮೇಲೆ ಕಡ್ಡಾಯ ಮಾಡಲಿ. ರಫ್ತಿನ ಫೈಲಿನಲ್ಲಿ ಬರೆಯುವವರಿಗೆ ಇಲ್ಲಿಯ ಚೀಟಿಯಲ್ಲಿ ಬರೆಯುವುದು ಕಷ್ಟ ಅಲ್ಲ. 2015ರ ಆಗಸ್ಟ್ 7ರಂದು ಶುರುವಾದ 'ಇಂಡಿಯಾ ಹ್ಯಾಂಡ್‌ಲೂಮ್ ಬ್ರ್ಯಾಂಡ್' ಗುಣಮಟ್ಟದ ಪರೀಕ್ಷೆ ಮಾಡಿಯೇ ಮುದ್ರೆ ಕೊಡುವ ಯೋಜನೆ. ಆ ಮುದ್ರೆ ಅಂಕೋಲೆಯಂಥ ತಾಲೂಕು ಪೇಟೆಯ ಅಂಗಡಿಗೂ ಬರಲಿ.

ಎರಡನೆಯದು ಸರ್ಕಾರವೇ ಮಾಡುವ ಖರೀದಿ. ವಿದ್ಯಾವಿಕಾಸ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಸಮವಸ್ತ್ರ ಕೊಡುತ್ತಾರೆ. ಅಲ್ಲಿ 'ಅತಿ ಕಡಿಮೆ ದರ' ಎಂಬ ಷರತ್ತಿನ ಜೊತೆ 'ಒಂದು ಶಾಲಾ ವರ್ಷ ಹರಿಯದೇ ಬರಬೇಕು' ಎಂಬುದೂ ಸೇರಲಿ. ಮಗುವಿನ ಅಂಗಿ ಹರಿದರೆ ಇನ್ನೊಂದಕ್ಕೆ ದುಡ್ಡು ಹೊಂದಿಸುವವರು ಕೂಲಿ ಮಾಡುವ ತಾಯಿ ತಂದೆ.

ಮೂರನೆಯದು ರಿಪೇರಿ. ಫ್ರಾನ್ಸಿನಲ್ಲಿ 2023ರ ನವೆಂಬರಿನಿಂದ ಬಟ್ಟೆ, ಚಪ್ಪಲಿ ರಿಪೇರಿ ಮಾಡಿಸಿದರೆ 6ರಿಂದ 25 ಯೂರೊವರೆಗೆ ರಿಯಾಯಿತಿ ಸಿಗುತ್ತದೆ. ನಮ್ಮಲ್ಲಿ ರಿಪೇರಿಗೆ ಯಾರೂ ದುಡ್ಡು ಕೊಡಬೇಕಿಲ್ಲ, ಟೈಲರ್ ಉಳಿದರೆ ಸಾಕು. ಕಾಲರ್ ತಿರುಗಿಸಿ ಹೊಲಿಯುವ ಕೆಲಸ ಗೊತ್ತಿದ್ದವರು ಅಂಕೋಲೆ ಪೇಟೆಯಲ್ಲಿ ಈಗ ಬೆರಳೆಣಿಕೆ. ಹೊಲಿಗೆ ತರಬೇತಿ ಕೊಟ್ಟು ಯಂತ್ರ ಹಂಚುವ ಯೋಜನೆಗಳಲ್ಲಿ ಈ ಕೆಲಸವನ್ನೂ ಕಲಿಸಬಹುದು.

ಅಲ್ಲಿವರೆಗೆ? ಆ ಹುಡುಗನನ್ನು ಕರೆದುಕೊಂಡು ಅಂಕೋಲೆಗೆ ಹೋದೆ. ಗೊತ್ತಿದ್ದಷ್ಟು ಹೇಳಿಕೊಟ್ಟೆ. ಶರ್ಟು ಒಳಗಡೆ ತಿರುಗಿಸು. ಹೊಲಿಗೆಯ ಪಕ್ಕ ಬಟ್ಟೆ ಎಷ್ಟು ಬಿಟ್ಟಿದ್ದಾರೆ ನೋಡು, ಹೆಚ್ಚಿದ್ದರೆ ಆಮೇಲೆ ಬಿಡಿಸಿ ಹೊಲಿಸಬಹುದು. ಹೊಲಿಗೆಯ ಎರಡು ಬದಿ ಹಿಡಿದು ಎಳೆ, ಸಂದಿ ಕಂಡರೆ ಬೇಡ. ಬೆಳಕಿಗೆ ಹಿಡಿ, ಜಾಳಿದ್ದರೆ ಬಿಡು. ಗುಂಡಿಯ ನೂಲು ಎಳೆದು ನೋಡು. ಮಳೆಗಾಲಕ್ಕೆ ಮಿಶ್ರ ನೂಲಿನದ್ದು, ಬೇಸಿಗೆಗೆ ಹತ್ತಿ. ಕಂಪನಿ ಹೆಸರು ಕೊನೆಗೆ ಓದು.

ಅವನು ಒಂದೊಂದೇ ತಿರುಗಿಸಿ ನೋಡುತ್ತಿದ್ದಾಗ ಅಂಗಡಿಯವರು ನಕ್ಕರು. "ಹಿಂಗೆ ನೋಡೂರು ಇವನ ಅಜ್ಜನ ಕಾಲಕ್ಕೇ ಮುಗೀತು ಮಾಡಿದ್ದೆ." ಆರು ಶರ್ಟು ಬಿಟ್ಟು ಏಳನೆಯದನ್ನು ಅವನು ಆರಿಸಿದ. 850 ರೂಪಾಯಿ. ಅವನ ಬಳಿ 500 ಇತ್ತು, ಉಳಿದದ್ದು ನಾನು ಕೊಟ್ಟೆ, ಮುಂದಿನ ಸಂಬಳಕ್ಕೆ ವಾಪಸು ಎಂಬ ಮಾತಿನ ಮೇಲೆ.

ಬಟ್ಟೆ ಆರಿಸುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಿಬಿಡಬಹುದು. ಸಾಲದೆ ಬಿದ್ದ ಆ 350 ರೂಪಾಯಿಯನ್ನು ಎಲ್ಲರಿಗೂ ಪಕ್ಕದ ಮನೆಯವರು ಕೊಡಲು ಆಗುವುದಿಲ್ಲ. ಕೈಯಲ್ಲಿದ್ದ 500 ರೂಪಾಯಿಗೇ ಎರಡು ವರ್ಷ ಬರುವ ಶರ್ಟು ಸಿಗಬೇಕು, ಸಿಗುತ್ತದೋ ಇಲ್ಲವೋ ಎಂಬುದು ಚೀಟಿಯಲ್ಲೇ ತಿಳಿಯಬೇಕು.