ಪುಸ್ತಕ ಪರಿಚಯ: ಅಡಿಗೆಮನೆಯಿಂದ ಆಫೀಸಿನವರೆಗೆ

ಕಳೆದ ಸಂಚಿಕೆಯ ಅನಂತರ ನಾವು ಓದಿದ ಪುಸ್ತಕಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ನೆಂಟಸ್ತಿಕೆಯಿಲ್ಲ. ಒಂದು ಸಸ್ಯಗಳ ವಿಚಾರ, ಒಂದು ಕಾದಂಬರಿ, ಒಂದು ಕಥಾಸಂಗ್ರಹ, ಒಂದು ಆತ್ಮಕಥೆ, ಮತ್ತೊಂದು ಶಬ್ದಗಳ ಚರ್ಚೆ. ಎಲ್ಲವೂ ಹೊಸವಲ್ಲ. ಮುಂಬಯಿಯಲ್ಲಿ ಕೂತು ಪುಸ್ತಕವನ್ನು ಅಂಚೆಯಲ್ಲಿ ತರಿಸಿಕೊಳ್ಳಬಹುದೆಂಬುದು ನಿಜ. ಆದರೂ ನಮ್ಮಲ್ಲಿ ಅನೇಕರ ಮನೆಗೆ ಕನ್ನಡ ಪುಸ್ತಕ ಇಂದಿಗೂ ಬರುವುದು ಊರಿಗೆ ಹೋಗಿಬಂದವರ ಚೀಲದಲ್ಲಿಯೇ, ಹಪ್ಪಳ ಉಪ್ಪಿನಕಾಯಿಗಳ ನಡುವೆ ಜಾಗ ಉಳಿದರೆ.

ಮೊದಲು ಊಟದ ಮಾತು. ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ’ ಎಂಬ ಹೆಸರು ಕೇಳಿಯೇ ಮಕ್ಕಳು ನಗುತ್ತಾರೆ. ಸ್ವಾಮಿಯವರು ಡಿ.ವಿ.ಜಿ.ಯವರ ಮಗ. ನಮ್ಮ ಹಾಗೆಯೇ ಹೊರನಾಡಿನಲ್ಲಿ ಬಾಳಿದವರು; ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ಅವರ ‘ಹಸಿರು ಹೊನ್ನು’ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಶಾಸ್ತ್ರವನ್ನು ಹರಟೆಯ ಧಾಟಿಯಲ್ಲಿ ಹೇಳುವ ವಿದ್ಯೆ ಅವರಿಗೆ ಸಿದ್ಧಿಸಿದಂತೆ ಕನ್ನಡದಲ್ಲಿ ಬಹಳ ಮಂದಿಗೆ ಸಿದ್ಧಿಸಿಲ್ಲ.

ಈ ಪುಸ್ತಕವನ್ನು ಮುಗಿಸಿ ಅಡಿಗೆಮನೆಗೆ ಹೋದರೆ ಅಲ್ಲಿನ ಬುಟ್ಟಿ ಬೇರೆಯಾಗಿಯೇ ಕಾಣುತ್ತದೆ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಕಡಲೆಕಾಯಿ, ಗೋಡಂಬಿ, ಸೀಬೆ, ಪರಂಗಿ ಇವೆಲ್ಲ ಅಮೇರಿಕ ಖಂಡದಲ್ಲಿ ಹುಟ್ಟಿದವು. 1492ರಲ್ಲಿ ಕೊಲಂಬಸ್ ಅತ್ತ ಹೋದಮೇಲೆ, ಪೋರ್ತುಗೀಜರೇ ಮೊದಲಾದವರ ಹಡಗುಗಳಲ್ಲಿ ಇತ್ತ ಬಂದವು. ಅದಕ್ಕೆ ಮುಂಚೆ ನಮ್ಮ ಹಿರಿಯರ ಸಾರಿಗೆ ಖಾರವೆಂದರೆ ಮುಖ್ಯವಾಗಿ ಕಾಳುಮೆಣಸು. ಹೊಸದಾಗಿ ಬಂದ ಕಾಯಿ ಆ ಮೆಣಸಿನ ಹೆಸರನ್ನೇ ತೊಟ್ಟುಕೊಂಡು ಮೆಣಸಿನಕಾಯಿಯಾಯಿತು. ಪರಂಗಿ ಹಣ್ಣಂತೂ ತಾನು ಪರದೇಶಿ ಎಂದು ಹೆಸರಿನಲ್ಲಿಯೇ ಒಪ್ಪಿಕೊಂಡಿದೆ. ಇಲ್ಲಿಯ ಮಾರ್ಕೆಟ್ಟಿನ ಬಟಾಟ, ಮಂಗಳೂರಿನವರ ಬಟಾಟೆ, ಎರಡೂ ಪೋರ್ತುಗೀಜರ ಮಾತೇ. ಇಷ್ಟಾದರೂ ಬ್ಯಾಡಗಿಯ ಮೆಣಸಿನಕಾಯಿ ನಮ್ಮದಲ್ಲವೆಂದು ಹಾವೇರಿಯ ಕಡೆಯವರ ಮುಂದೆ ಹೇಳುವ ಧೈರ್ಯ ಯಾರಿಗಿದೆ? ಬಂದ ನೆಲದಲ್ಲಿ ಬೇರೂರುವುದಕ್ಕೆ ಅದಕ್ಕೆ ಕೆಲವು ಶತಮಾನಗಳು ಹಿಡಿದವು. ನಾವು ಬಂದು ಎರಡು ಮೂರು ತಲೆಮಾರಾಯಿತು ಅಷ್ಟೆ! ಹತ್ತು ಹನ್ನೆರಡು ವರುಷದ ಮಕ್ಕಳಿಗೆ ದಿನಕ್ಕೊಂದು ತರಕಾರಿಯಂತೆ ಓದಿ ಹೇಳಲು ಇದಕ್ಕಿಂತ ಒಳ್ಳೆಯ ಪುಸ್ತಕ ನಮಗೆ ತೋಚದು.

ಇನ್ನು ಕಾದಂಬರಿ. ಯಶವಂತ ಚಿತ್ತಾಲರ ‘ಶಿಕಾರಿ’ ಬಂದದ್ದು 1979ರಲ್ಲಿ. ಹನೇಹಳ್ಳಿಯಿಂದ ಬಂದು ಮುಂಬಯಿಯಲ್ಲಿ ರಾಸಾಯನಿಕ ಉದ್ಯಮದಲ್ಲಿ ದುಡಿದ ಚಿತ್ತಾಲರು, ಅಂಥದೇ ಉದ್ಯಮದ ಅಧಿಕಾರಿ ನಾಗಪ್ಪನನ್ನು ನಾಯಕನನ್ನಾಗಿ ಮಾಡಿದ್ದಾರೆ. ಕಂಪನಿ ಅವನನ್ನು ಅಮಾನತಿನಲ್ಲಿಟ್ಟಿದೆ. ತನ್ನನ್ನು ಬೇಟೆಯಾಡುತ್ತಿರುವವರು ಯಾರು, ಏತಕ್ಕೆ ಎಂದು ಅವನು ಹುಡುಕುತ್ತಾನೆ. ಓದುತ್ತ ಹೋದಂತೆ ಬೇಟೆಗಾರನೂ ಮಿಕವೂ ಬೇರೆ ಬೇರೆಯೇ ಎಂಬ ಸಂಶಯ ನಮಗೂ ಹತ್ತಿಕೊಳ್ಳುತ್ತದೆ.

ದೋಷವನ್ನೂ ಹೇಳಿಬಿಡೋಣ. ನಾಗಪ್ಪ ತನ್ನೊಳಗೇ ಮಾತಾಡಿಕೊಳ್ಳುವ ಪುಟಗಳು ಕೆಲವೆಡೆ ಓದುಗನ ತಾಳ್ಮೆಯನ್ನು ಪರೀಕ್ಷಿಸುತ್ತವೆ. ಮಲಗುವ ಮುನ್ನ ಹತ್ತು ಪುಟ ಓದುವವರಿಗೆ ಇದು ಹೇಳಿಸಿದ್ದಲ್ಲ. ಆದರೂ ನಾವು ಇದನ್ನು ಇಲ್ಲಿ ಎತ್ತಿ ಹೇಳಲು ಕಾರಣವುಂಟು. ಈಚೆಗೆ ನಮ್ಮ ಬಳಗದ ಕೆಲವು ಮನೆಗಳಲ್ಲಿ ನಡುವಯಸ್ಸಿನ ಯಜಮಾನರ ಕೆಲಸ ಇದ್ದಕ್ಕಿದ್ದಂತೆ ಹೋಗಿದೆ. ಹೊರಗೆ ಹೇಳಿಕೊಳ್ಳಲಾರದೆ, ಬೆಳಿಗ್ಗೆ ಎಂದಿನಂತೆ ಶರಟು ಇಸ್ತ್ರಿ ಮಾಡಿಸಿಕೊಂಡು ಹೊರಟವರನ್ನು ನಾವು ಬಲ್ಲೆವು. ಅವರ ಒಳಗಿನ ಭಯಕ್ಕೆ, ಅವಮಾನಕ್ಕೆ, ಯಾರನ್ನು ಕಂಡರೂ ಅನುಮಾನ ಪಡುವ ಮನಸ್ಸಿಗೆ ನಮ್ಮದೇ ಭಾಷೆಯಲ್ಲಿ ಮಾತು ಕೊಟ್ಟ ಪುಸ್ತಕ ಇದು. ಅವರಿಗಿಂತ ಹೆಚ್ಚಾಗಿ ಅವರ ಮನೆಯವರು ಓದಲಿ. ‘ಯಾಕೆ ಸುಮ್ಮನೆ ಕೂತಿದ್ದೀರಿ?’ ಎಂದು ಕೇಳುವ ಮೊದಲು ಓದಲಿ.

ಬಾನು ಮುಷ್ತಾಕ್ ಅವರ ಕಥೆಗಳ ಸುದ್ದಿ ಎಲ್ಲರಿಗೂ ಗೊತ್ತು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಹನ್ನೆರಡು ಕಥೆಗಳ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಗಳಿಸಿತು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಕೃತಿ ಅದು. ಸಣ್ಣಕಥೆಗಳ ಸಂಗ್ರಹಕ್ಕೆ ಅದು ಸಂದದ್ದೂ ಮೊದಲ ಸಲ. ಆದರೆ ಹಾಸನದ ಈ ಲೇಖಕಿ ಕನ್ನಡಕ್ಕೆ ಹೊಸಬರಲ್ಲ. ಅವರ ‘ಕರಿನಾಗರಗಳು’ ಕಥೆಯಿಂದ ಗಿರೀಶ ಕಾಸರವಳ್ಳಿಯವರು ‘ಹಸೀನಾ’ ಚಿತ್ರವನ್ನು ಮಾಡಿ ಎರಡು ದಶಕಗಳೇ ಆದವು.

‘ಎದೆಯ ಹಣತೆ’ ಕಥೆಯ ಮೆಹರುನ್, ಗಂಡ ಬೇರೊಬ್ಬಳ ಹಿಂದೆ ಹೋದನೆಂದು ಕೂಸನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣಂದಿರು ಮನೆತನದ ಮಾನದ ಮಾತಾಡಿ, ಬಂದ ದಾರಿಯಲ್ಲಿಯೇ ತಿರುಗಿ ಕರೆದೊಯ್ದು ಬಿಡುತ್ತಾರೆ. ಇದು ಮುಸಲ್ಮಾನರ ಮನೆಯ ಕಥೆ ಎಂದು ದೂರ ನಿಂತು ಓದುವವರು ತಮ್ಮ ಬಂಧುವರ್ಗವನ್ನೊಮ್ಮೆ ನೆನೆಸಿಕೊಂಡರೆ ಸಾಕು. ತವರಿನ ಬಾಗಿಲು ಮುಚ್ಚುವ ಸದ್ದು ಎಲ್ಲ ಮನೆಗಳಲ್ಲಿಯೂ ಒಂದೇ.

ನಮ್ಮ ಸದಸ್ಯೆಯೊಬ್ಬರು ಈ ಪುಸ್ತಕದ ಮಾತು ಬಂದಾಗ ಕೊಂಚ ಬೇಸರದಿಂದ ಹೇಳಿದರು: “ಮಗಳು ಇಂಗ್ಲಿಷಿನಲ್ಲಿ ಓದಿ ಅತ್ತಳು. ಕನ್ನಡದ ಪುಸ್ತಕ ಪಕ್ಕದಲ್ಲೇ ಇತ್ತು, ಅಕ್ಷರ ಬಾರದು.” ಕನ್ನಡದ ಕಥೆಯನ್ನು ಇಂಗ್ಲಿಷಿನಲ್ಲಿ ಓದುವುದೇ ನಾಚಿಕೆಗೇಡು ಎನ್ನುವವರು ನಮ್ಮಲ್ಲಿದ್ದಾರೆ. ನಾವು ಆ ಪಂಗಡಕ್ಕೆ ಸೇರಿದವರಲ್ಲ. ಅತ್ತ ಹುಡುಗಿ ನಮ್ಮವಳೇ. ಆಕೆಗೆ ತಾಯಿ ಅದೇ ಕಥೆಯನ್ನು ರಾತ್ರಿ ಕನ್ನಡದಲ್ಲಿ ಓದಿ ಹೇಳಲಿ. ಮೆಹರುನ್‌ಳ ಮಾತು ಮೂಲದಲ್ಲಿ ಹೇಗಿದೆಯೆಂದು ಕಿವಿಗೆ ಬಿದ್ದಮೇಲೆ, ಅಕ್ಷರ ಕಲಿಯುವ ಆಸೆ ಹುಟ್ಟಿದರೂ ಹುಟ್ಟೀತು. ಹುಟ್ಟದಿದ್ದರೆ ಕಥೆಯಾದರೂ ಉಳಿಯಿತು.

ಗಿರೀಶ ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’ವನ್ನು (2011) ಎರಡೇ ದಿನದಲ್ಲಿ ಮುಗಿಸಿದೆವು. 1938ರಲ್ಲಿ ಮಾಥೇರಾನದಲ್ಲಿ ಹುಟ್ಟಿದವರು ಅವರು. ಬಾಲವಿಧವೆಯರಿಗಿಂತ ಬಹಳ ಬೇರೆಯಲ್ಲದ ಬಾಳನ್ನು ಕಂಡು ಮರುಮದುವೆಯಾದ ತಾಯಿಯನ್ನು ಕುರಿತ ಪುಟಗಳಿಗಾಗಿಯೇ ಇದನ್ನು ಓದಬೇಕು.

ಪ್ರೊ. ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಮೊದಲಿನಿಂದ ಕೊನೆಯವರೆಗೆ ಓದುವ ಪುಸ್ತಕವಲ್ಲ. ‘ಪ್ರಜಾವಾಣಿ’ಯ ಓದುಗರು ಕೇಳಿದ ಶಬ್ದಗಳಿಗೆ ಅವರು ಕೊಟ್ಟ ಉತ್ತರಗಳ ಸಂಗ್ರಹ ಇದು. 107 ವರುಷ ಬಾಳಿ 2021ರಲ್ಲಿ ತೀರಿಕೊಂಡ ಈ ಹಿರಿಯರು, ಎಂಥ ಸಣ್ಣ ಪ್ರಶ್ನೆಯನ್ನೂ ಹಗುರವಾಗಿ ಕಾಣಲಿಲ್ಲ. ಊಟವಾದಮೇಲೆ ಯಾವುದಾದರೊಂದು ಪುಟ ತೆರೆದು ಮನೆಮಂದಿಯನ್ನೆಲ್ಲ ಅರ್ಥ ಕೇಳಿ ನೋಡಿ. ನಮ್ಮ ಮನೆಯಲ್ಲಿ ಸದ್ಯಕ್ಕೆ ಅಜ್ಜಿಯೇ ಮುಂದಿದ್ದಾರೆ.