ಓದು ಮತ್ತು ನಾದ

ಈಗ ಹತ್ತನೆಯ ತರಗತಿಯಲ್ಲಿರುವ ಬಾಲಕನೊಬ್ಬನು ಕಳೆದ ವರ್ಷ ವ್ಯಾಕರಣದ ಪಾಠ ನಡೆದಿರುವಾಗ ಬೆಂಚಿನ ಮೇಲೆ ಬೆರಳುಗಳಿಂದ ತಾಳ ಹಾಕುತ್ತಿದ್ದನು. ನಾನು ಗದರಿಸಿದೆನು. ಲೋಕಲ್ ಗಾಡಿಯ ಭಜನಾ ಮಂಡಳಿಯವರಿಂದ ಕೇಳಿ ಕಲಿತ ಠೇಕಾ ಅದೆಂದು ಆಮೇಲೆ ತಿಳಿಯಿತು. ಹತ್ತನೆಯ ತರಗತಿ ಮುಗಿಯುವವರೆಗೆ ಅವನ ತಬಲಾ ಪಾಠವನ್ನು ಬಿಡಿಸಿದ್ದೇನೆಂದು ಅವನ ತಂದೆಯವರು ಹೇಳಿದಾಗ, ಒಳ್ಳೆಯದನ್ನೇ ಮಾಡಿದಿರೆಂದು ತಲೆಯಾಡಿಸಿದವನೂ ನಾನೇ.

ಹಾಡುವವನಿಗೆ ಓದು ಹತ್ತದು, ಓದುವವನಿಗೆ ಹಾಡು ಹೊಂದದು ಎಂಬ ಭಾವನೆ ನಮ್ಮ ಮನೆಗಳಲ್ಲಿ ಬೇರೂರಿದೆ. ನನ್ನಲ್ಲಿಯೂ ಅದು ಇದ್ದಿತು. ಅದನ್ನು ಅಲುಗಿಸಿದವರು ಸರೋದ್ ವಾದಕರಾದ ಪಂಡಿತ ರಾಜೀವ ತಾರಾನಾಥರು.

1932ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು 2024ರ ಜೂನಿನಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನೂ ತುಂಗಭದ್ರೆಯ ಬಳಿ ಪ್ರೇಮಾಯತನವನ್ನೂ ಕಟ್ಟಿದ ಪಂಡಿತ ತಾರಾನಾಥರೇ ಅವರ ತಂದೆ. ಸಂಗೀತದ ಮೊದಲ ಗುರುವೂ ಅವರೇ. ರಾಜೀವರು ಮೊದಲು ಹಾಡುಗಾರರಾಗಿದ್ದರು. ಬೆಂಗಳೂರಿನಲ್ಲಿ ಅಲಿ ಅಕ್ಬರ್ ಖಾನರ ಸರೋದನ್ನು ಕೇಳಿ ಆ ವಾದ್ಯಕ್ಕೆ ಮನಸೋತು, ಕಲಕತ್ತೆಗೆ ಹೋಗಿ ಅವರ ಶಿಷ್ಯರಾದರು. 2009ರಲ್ಲಿ ಗುರುಗಳು ಕಾಲವಾಗುವವರೆಗೂ ಆ ಶಿಷ್ಯತ್ವ ಮುಗಿಯಲಿಲ್ಲ. ಈ ನಡುವೆ ಟಿ. ಎಸ್. ಎಲಿಯಟ್ ಕವಿಯನ್ನು ಕುರಿತು ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಹೈದರಾಬಾದಿನಲ್ಲಿಯೂ ದೂರದ ಏಡನ್ ನಗರದಲ್ಲಿಯೂ ಇಂಗ್ಲಿಷ್ ಬೋಧಿಸಿದರು. ಡಾಕ್ಟರೇಟ್ ಪಡೆದ ಅಧ್ಯಾಪಕರು ಗುರುವಿನ ಮುಂದೆ ನೆಲದ ಮೇಲೆ ಕುಳಿತು ಪಾಠ ಹೇಳಿಸಿಕೊಳ್ಳುವುದನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿರಿ.

ಸರೋದನ್ನು ನಿಮ್ಮಲ್ಲಿ ಹಲವರು ಕಂಡಿರಲಾರಿರಿ. ಅದು ಅಫಘಾನಿಸ್ತಾನದ ರಬಾಬಿನ ವಂಶದ ವಾದ್ಯ. ಹೊಟ್ಟೆಗೆ ಆಡಿನ ಚರ್ಮ, ಬೆರಳಾಡುವಲ್ಲಿ ಲೋಹದ ತಗಡು. ವೀಣೆಗಿರುವಂತೆ ಸ್ವರದ ಸ್ಥಾನ ತೋರುವ ಮೆಟ್ಟಿಲುಗಳು ಇದಕ್ಕಿಲ್ಲ. ಕಿವಿಯೇ ದಾರಿ ತೋರಬೇಕು. ಮೀಟುವುದು ಮಾತ್ರ ನಮ್ಮ ಅಡಿಗೆಮನೆಯ ತೆಂಗಿನ ಕರಟದ ಚೂರಿನಿಂದ! ಗುರುಗಳ ತಂದೆ ಅಲ್ಲಾವುದ್ದೀನ ಖಾನರು ಪಾಶ್ಚಾತ್ಯ ಪಿಟೀಲು, ಕ್ಲಾರಿನೆಟ್‌ಗಳನ್ನೂ ಕಲಿತವರು. ಮೈಹರ್ ಸಂಸ್ಥಾನದಲ್ಲಿ ಅನಾಥ ಮಕ್ಕಳನ್ನು ಕೂಡಿಸಿ ವಾದ್ಯವೃಂದವನ್ನು ಕಟ್ಟಿ, ಬಂದೂಕಿನ ನಳಿಗೆಗಳಿಂದ ನಳತರಂಗವೆಂಬ ವಾದ್ಯವನ್ನು ಮಾಡಿಸಿದವರು. ಇಂತಹ ಮನೆತನದ ವಿದ್ಯೆಯನ್ನು ಪಡೆದ ರಾಜೀವರೇ 1970ರ ‘ಸಂಸ್ಕಾರ’ ಚಿತ್ರಕ್ಕೆ ಸಂಗೀತ ಸಂಯೋಜಿಸಿದರು. ರಾಷ್ಟ್ರದ ಅತ್ಯುತ್ತಮ ಚಿತ್ರವೆನಿಸಿದ ಮೊದಲ ಕನ್ನಡ ಚಿತ್ರವದು. ಮಲಯಾಳದ ‘ಕಾಂಚನ ಸೀತ’ಕ್ಕೂ ಅವರದೇ ಸಂಗೀತ.

ಹತ್ತು ದೇಶಗಳ ಸದ್ದನ್ನು ಯಂತ್ರದಲ್ಲಿ ಕಲಸಿ ವಿಶ್ವಸಂಗೀತವೆಂದು ಕರೆಯುವುದು ಇಂದು ಬಹು ಸುಲಭ. ಅದನ್ನು ನಾನು ಒಪ್ಪಲಾರೆನು. ಮುಂಬ್ರಾದ ನಿಮ್ಮ ಕಿವಿಗೆ ನಿತ್ಯವೂ ಎಷ್ಟು ನಾದಗಳು ಬೀಳುವುದಿಲ್ಲ! ಬೆಳಗಿನ ಅಜಾನ್, ಗಣೇಶೋತ್ಸವದ ಢೋಲು, ಗಾಡಿಯಲ್ಲಿ ಮರಾಠಿ ಅಭಂಗ, ಮನೆಯಲ್ಲಿ ತಾಯಿಯ ಸೋಬಾನೆ. ಕಿವಿಗೆ ಬಿದ್ದ ಮಾತ್ರಕ್ಕೆ ಅವು ನಮ್ಮವಾಗವು. ಒಂದನ್ನಾದರೂ ಕುಳಿತು ಕಲಿತವನು ಉಳಿದವುಗಳ ಬಾಗಿಲನ್ನು ತಟ್ಟಬಲ್ಲನು.

1980ರ ದಶಕದ ಆರಂಭದಲ್ಲಿ ರಾಜೀವರು ಪ್ರಾಧ್ಯಾಪಕ ಹುದ್ದೆಯನ್ನು ತೊರೆದರಲ್ಲಾ, ಕಡೆಗೂ ಒಂದನ್ನು ಬಿಡಲೇಬೇಕಾಯಿತಲ್ಲವೇ ಎಂದು ನೀವು ಕೇಳಬಹುದು. ಬಿಟ್ಟುದು ಹುದ್ದೆಯನ್ನು, ಬೋಧನೆಯನ್ನಲ್ಲ. 1995ರಿಂದ 2005ರವರೆಗೆ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್ ಸಂಸ್ಥೆಯಲ್ಲಿ ಭಾರತೀಯ ಸಂಗೀತದ ಮುಖ್ಯಸ್ಥರಾಗಿ ಪಾಠ ಹೇಳಿದರು. ಆಫ್ರಿಕದ ವಾದ್ಯಗಳನ್ನೂ ಬಾಲಿ ದ್ವೀಪದ ಗಮೆಲಾನನ್ನೂ ಕಲಿಸುವ ಸಂಸ್ಥೆಯದು. ಅಲ್ಲಿ ನಮ್ಮ ರಾಗಗಳಿಗೆ ದೊರೆತ ಗುರುವು ಪುಸ್ತಕವನ್ನೂ ತಂತಿಯನ್ನೂ ಸಮನಾಗಿ ಬಲ್ಲ ಕನ್ನಡಿಗ.

ಹುದ್ದೆಯನ್ನು ತೊರೆಯಿರೆಂದು ನಾನು ಯಾರಿಗೂ ಹೇಳಲಾರೆನು. ತಿಂಗಳ ಬಾಡಿಗೆಯನ್ನು ಎಣಿಸಿಡುವ ಮನೆಗಳು ನಮ್ಮವು. ಊರು ಬಿಟ್ಟು ಬಂದ ನನಗೂ ಆ ಲೆಕ್ಕ ತಿಳಿದಿದೆ. ಆದರೆ ವಾರಕ್ಕೆ ಎರಡು ಗಂಟೆಯ ತಬಲಾ ಪಾಠವು ಯಾರ ಪರೀಕ್ಷೆಯನ್ನು ಕೆಡಿಸೀತು? ಮಾತ್ರೆಗಳನ್ನು ತಪ್ಪದೆ ಎಣಿಸುವ ಆ ಬಾಲಕನಿಗೆ ಛಂದಸ್ಸಿನ ಪ್ರಸ್ತಾರ ನನ್ನ ಉಳಿದ ವಿದ್ಯಾರ್ಥಿಗಳಿಗಿಂತ ಬೇಗ ಹತ್ತಿತೆಂಬುದನ್ನು ನಾನು ತಡವಾಗಿ ಗಮನಿಸಿದೆನು.

ಬರುವ ಭಾನುವಾರ ಅವನ ತಂದೆಯವರನ್ನು ಕಾಣುವವನಿದ್ದೇನೆ. ಅಂದು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ಅವರು ಏನೆನ್ನುವರೋ ತಿಳಿಯದು.